ಹಕ್ಕಿ ಹೇಳಿದಷ್ಟು ದೂರ

ಪುಟ್ಟಿ, ಹೋದ ಭಾನುವಾರ ನೀನು ಕುಕ್ಕರಹಳ್ಳಿ ಕೆರೆಯಿಂದ ಬಂದವಳೇ ಹೊಸ ಕ್ಯಾಮೆರಾವನ್ನು ಸೋಫಾದ ಮೇಲೆ ಎಸೆದ ಹಾಗೆ ಇಟ್ಟು, "ದೊಡ್ಡಪ್ಪಾ, 400 ಫೋಟೋ ಹೊಡೆದೆ, ಒಂದೂ ಸಿಗಲಿಲ್ಲ" ಎಂದೆಯಲ್ಲ, ಆಗ ನನಗೆ ನಗು ಬಂದುಬಿಟ್ಟಿತು. ನಿನಗೆ ಕೋಪ ಬಂತು. ದೊಡ್ಡಮ್ಮ ಕೊಟ್ಟ ಕಾಫಿಯನ್ನೂ ಅರ್ಧಕ್ಕೇ ಬಿಟ್ಟು ಬೆಂಗಳೂರಿನ ಬಸ್ಸು ಹಿಡಿದೆ. ನಾನು ನಕ್ಕದ್ದು ನಿನ್ನನ್ನು ನೋಡಿ ಅಲ್ಲ. ಅದೇ ಕೆರೆಯ ಏರಿಯ ಮೇಲೆ ಇಂಥದೇ ಮುಖ ಹೊತ್ತು ನಿಂತಿದ್ದ ಇಪ್ಪತ್ತೈದರ ಹುಡುಗನೊಬ್ಬನ ನೆನಪಾಯಿತು. ಅವನ ಹತ್ತಿರ ಇದ್ದದ್ದು 36 ಚಿತ್ರದ ಒಂದೇ ಒಂದು ರೋಲು. ಅದನ್ನು ತೊಳೆಸಲು ಸಂಬಳ ಬರುವ ತನಕ ಕಾಯಬೇಕಿತ್ತು. ಹಾಗಾಗಿ ತನ್ನ ದಡ್ಡತನ ಎಷ್ಟೆಂದು ತಿಳಿಯಲು ಅವನಿಗೆ ಒಂದು ತಿಂಗಳು ಹಿಡಿಯುತ್ತಿತ್ತು. ನಿನಗೆ ಅದೇ ಕ್ಷಣದಲ್ಲಿ ಪರದೆಯ ಮೇಲೆ ಕಾಣುತ್ತದೆ. ಪುಣ್ಯವಂತೆ.

ಮೊದಲ ಸಂಬಳ ಕೂಡಿಟ್ಟು ಕ್ಯಾಮೆರಾ ಕೊಂಡಿದ್ದೀಯ. ಬೇರೆ ಏನಾದರೂ ಕೊಳ್ಳಬಹುದಿತ್ತು, ಹಕ್ಕಿ ನೋಡುವ ಹುಚ್ಚು ಹತ್ತಿಸಿಕೊಂಡೆ. ನನಗೆ ಒಳಗೊಳಗೇ ಖುಷಿ. ಅದಕ್ಕೇ ಈ ನಾಲ್ಕು ಮಾತು.

ಮೊದಲು ನಿನ್ನ ಆ ಎರಡು ಮಾತನ್ನೇ ತೆಗೆದುಕೋ. "ಹೊಡೆದೆ", "ಸಿಗಲಿಲ್ಲ". ನಾವೆಲ್ಲ ಹಾಗೇ ಮಾತಾಡುತ್ತೇವೆ. ಬೆಳಗ್ಗೆ ಕೆರೆ ದಂಡೆಯಲ್ಲಿ ಉದ್ದುದ್ದ ಲೆನ್ಸ್ ಹೊತ್ತವರು ಎದುರಾದರೆ ಕೇಳುವುದೂ ಅದನ್ನೇ, "ಏನು ಸಾರ್, ಏನಾದರೂ ಸಿಕ್ತಾ?" ಬೇಟೆಗೆ ಹೋದವರ ಮಾತು ಇದು. ಕೋವಿ ಹೋಯಿತು, ಮಾತು ಉಳಿಯಿತು. ಸಾಲಿಂ ಅಲಿಯವರು ಕೂಡ ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಒಂದು ಗುಬ್ಬಚ್ಚಿಯನ್ನು ಹೊಡೆದು, ಅದರ ಕತ್ತಿನ ಹಳದಿ ಮಚ್ಚೆ ಕಂಡು, ಇದು ಯಾವ ಹಕ್ಕಿ ಎಂದು ಕೇಳಲು ಹೋಗಿಯೇ ಪಕ್ಷಿಶಾಸ್ತ್ರಕ್ಕೆ ಬಿದ್ದವರು. ಆ ಕಾಲದಲ್ಲಿ ಹಕ್ಕಿಯನ್ನು ತಿಳಿಯಬೇಕೆಂದರೆ ಕೊಂದು ಕೈಯಲ್ಲಿ ಹಿಡಿಯಬೇಕಿತ್ತು. ನಮಗೆ ಆ ಕಷ್ಟವಿಲ್ಲ. ಆದರೂ ನಾವು ಕೆರೆಗೆ ಹೋಗುವುದು ಏನನ್ನೋ ಹಿಡಿದು ತರಲು ಹೋದ ಹಾಗೇ. ಮುಂದಿನ ಸಲ ನಿನ್ನನ್ನು ನಾನು ಕೇಳುವುದು "ಏನು ಕಂಡೆ?" ಅಂತ. ಅದಕ್ಕೆ ಉತ್ತರ ಸಿದ್ಧಮಾಡಿಕೊಂಡು ಬಾ.

ನೀನು ಆ ದಿನ ಮಾಡಿದ್ದೇನು ಎಂದು ನನಗೆ ಗೊತ್ತು, ನೋಡಬೇಕಾಗಿಲ್ಲ. ಗೇಟು ದಾಟಿದೆ, ಒಂದು ಬೆಳ್ಳಕ್ಕಿ ಕಂಡಿತು, ಕ್ಯಾಮೆರಾ ಎತ್ತಿ ಅದರ ಕಡೆ ನೆಟ್ಟಗೆ ನಡೆದೆ. ಅದು ಹಾರಿತು. ಹಾರಿ ಹೋಗುವ ಬೆನ್ನಿಗೆ ಮೂವತ್ತು ಚಿತ್ರ. ಮುಂದೆ ಮತ್ತೊಂದು ಕಂಡಿತು, ಮತ್ತೆ ಅದೇ. ಹೀಗೆ ಕೆರೆಯ ಒಂದು ಸುತ್ತು ಮುಗಿಸುವಷ್ಟರಲ್ಲಿ ದಂಡೆಯ ಹಕ್ಕಿಗಳನ್ನೆಲ್ಲ ಆಚೆ ದಡಕ್ಕೆ ಅಟ್ಟಿದ್ದಾಯಿತು.

ಒಂದು ವಿಚಿತ್ರ ನೋಡು. ಅದೇ ದಾರಿಯಲ್ಲಿ ದಿನಾ ನೂರಾರು ಜನ ನಡೆಯುತ್ತಾರೆ. ಸಕ್ಕರೆ ಕಾಯಿಲೆಯವರು, ಪೆನ್ಷನ್‌ದಾರರು, ಮಾನಸಗಂಗೋತ್ರಿಯ ಹುಡುಗರು, ಜೋರಾಗಿ ರಾಜಕೀಯ ಮಾತಾಡುವವರು. ಹಕ್ಕಿಗಳು ಅವರನ್ನು ತಿರುಗಿಯೂ ನೋಡುವುದಿಲ್ಲ. ಹತ್ತು ಮಾರು ದೂರದಲ್ಲಿ ಕೊಳದ ಬಕ ಕುಳಿತೇ ಇರುತ್ತದೆ. ನೀನು ಅಲ್ಲಿ ನಿಂತು, ಅದರ ಕಡೆ ತಿರುಗಿ, ಒಂದು ಕಪ್ಪು ಕೊಳವೆ ಗುರಿ ಹಿಡಿದೆಯೋ, ಹಾರಿತು. ನಡೆದು ಹೋಗುವವನಿಂದ ಅಪಾಯವಿಲ್ಲ, ನಿಂತು ದಿಟ್ಟಿಸುವವನಿಂದ ಇದೆ ಎಂದು ಅದಕ್ಕೆ ಚೆನ್ನಾಗಿ ಗೊತ್ತು. ಬೆಕ್ಕು, ಹದ್ದು, ಮನುಷ್ಯ ಎಲ್ಲರೂ ಹಿಡಿಯುವ ಮುಂಚೆ ದಿಟ್ಟಿಸುತ್ತಾರಲ್ಲ.

ಹಾಗಾದರೆ ಏನು ಮಾಡಬೇಕು? ಕೂರಬೇಕು. ಇಷ್ಟೇ ಗುಟ್ಟು. ಒಂದು ಜಾಗ ಆರಿಸಿಕೋ. ನೀರು ಆಳವಿಲ್ಲದ, ಜೊಂಡು ಬೆಳೆದ, ಹಿಂದೆ ಒಂದು ಮರವೋ ಪೊದೆಯೋ ಇರುವ ಜಾಗ. ಬೆನ್ನಿಗೆ ಮರ ಇದ್ದರೆ ನಿನ್ನ ಆಕಾರ ಆಕಾಶದ ಮೇಲೆ ಮೂಡುವುದಿಲ್ಲ. ಬೆಳಗ್ಗೆ ಆರೂವರೆಗೆ ಅಲ್ಲಿ ಕೂತವಳು ಎಂಟರ ತನಕ ಏಳಬೇಡ. ಮೊದಲ ಕಾಲು ಗಂಟೆ ಏನೂ ಆಗುವುದಿಲ್ಲ. ನೀನು ಬಂದಾಗ ಮುಳುಗಿದ್ದು, ಮರೆಯಾದದ್ದು, ಆಚೆ ಹಾರಿದ್ದು ಎಲ್ಲ ಆಮೇಲೆ ಒಂದೊಂದಾಗಿ ವಾಪಸು ಬರುತ್ತವೆ. ಅರ್ಧ ಗಂಟೆ ಕಳೆದರೆ ನೀನೂ ಒಂದು ಮೋಟುಮರ. ಬಕಧ್ಯಾನ ಎಂದು ಕಪಟಿಗಳಿಗೆ ಬೈಯುತ್ತೇವಲ್ಲ, ಬಕನಿಗೆ ಅದರಲ್ಲಿ ಕಪಟವೇನೂ ಇಲ್ಲ, ಹೊಟ್ಟೆಪಾಡು. ಕೊಳದ ಬಕ ಕೂತಾಗ ಒಣಗಿದ ಹುಲ್ಲಿನ ಬಣ್ಣ, ಹಾರಿದಾಗ ರೆಕ್ಕೆ ಪೂರ್ತಿ ಬಿಳಿ. ಕೂತಿರುವ ತನಕ ಕಾಣಿಸಬಾರದು ಎಂಬುದೇ ಅದರ ವಿದ್ಯೆ. ಅದರಿಂದಲೇ ಕಲಿ.

ಹತ್ತಿರ ಹೋಗಲೇಬೇಕು ಎನಿಸಿದರೆ, ಹಕ್ಕಿ ಮಾತಾಡುವುದನ್ನು ಕೇಳಿಸಿಕೋ. ಹಾರುವ ಮುಂಚೆ ಅದು ಎಷ್ಟೋ ಸಲ ಹೇಳುತ್ತದೆ. ತಿನ್ನುವುದನ್ನು ನಿಲ್ಲಿಸುತ್ತದೆ. ಮುದುಡಿದ್ದ ಕತ್ತು ಮೇಲೇಳುತ್ತದೆ. ತಲೆ ಅಡ್ಡ ಮಾಡಿ ಒಂದು ಕಣ್ಣಿನಿಂದ ನಿನ್ನನ್ನೇ ನೋಡುತ್ತದೆ. ಮೈ ಆಚೆ ಕಡೆ ತಿರುಗಿಸುತ್ತದೆ. ಬಾಗುತ್ತದೆ, ಎಷ್ಟೋ ವೇಳೆ ಹಿಕ್ಕೆ ಹಾಕಿ ಮೈ ಹಗುರ ಮಾಡಿಕೊಳ್ಳುತ್ತದೆ. ಕತ್ತು ಎದ್ದದ್ದು ಕಂಡಾಗಲೇ ನೀನು ನಿಂತು, ಎರಡು ಹೆಜ್ಜೆ ಹಿಂದೆ ಸರಿದು, ಕುಕ್ಕರುಗಾಲಲ್ಲಿ ಕೂತು ಬೇರೆ ಕಡೆ ನೋಡಿದರೆ, ಮತ್ತೆ ತಿನ್ನಲು ಶುರುಮಾಡುತ್ತದೆ. ಅದು ಎಲ್ಲಿ ತಿನ್ನುತ್ತಾ ಇರುತ್ತದೋ ಅದೇ ನಿನ್ನ ದೂರ. ಅಲ್ಲಿಂದ ಚಿತ್ರ ಸಣ್ಣದಾಗಿ ಬಂದರೆ ಬರಲಿ, ಸುತ್ತಲ ಕೆರೆಯೂ ಬರುತ್ತದೆ. ಹಕ್ಕಿಯ ಕಣ್ಣು, ಕೊಕ್ಕು ಮಾತ್ರ ತುಂಬಿದ ಚಿತ್ರ ನನಗೆ ಆಧಾರ್ ಕಾರ್ಡಿನ ಫೋಟೋದ ಹಾಗೆ ಕಾಣುತ್ತದೆ. ಇದು ನನ್ನ ಅಭಿಪ್ರಾಯ, ನಿನ್ನ ಸ್ನೇಹಿತರು ಒಪ್ಪಲಿಕ್ಕಿಲ್ಲ.

ಇನ್ನು ನೋಡುವುದು. ಮೊದಲು ಜಾಗ ಎಂಥದ್ದೆಂದು ತಿಳಿ. ನಮ್ಮ ಮೈಸೂರಿನ ಈ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ್ದು ಜಮೀನಿಗೆ ನೀರು ಹಾಯಿಸಲು. ಕುವೆಂಪು ಇದರ ದಂಡೆಯಲ್ಲಿ ತಿರುಗಾಡಿದವರು, ಕವಿತೆಯನ್ನೂ ಬರೆದವರು. ಸುತ್ತ ಊರು ಬೆಳೆಯಿತು, ಚರಂಡಿ ನೀರು ಬಂತು, ಹೂಳು ತುಂಬಿತು, ಜಗಳ ಆಯಿತು, ಒಂದಿಷ್ಟು ಸರಿಪಡಿಸಿದರು. ಇಷ್ಟಾದರೂ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರ ನಡುವಿನ ಈ ನೀರಿನ ದಿಬ್ಬಗಳ ಮರದಲ್ಲಿ ಗೂಡು ಕಟ್ಟುತ್ತವೆ. ಬೇರೆ ಊರಿನವರು ಹಣ ಖರ್ಚು ಮಾಡಿ ನೋಡಲು ಹೋಗುವ ಹಕ್ಕಿ ನಿನಗೆ ಸಿಟಿ ಬಸ್ಸಿನಲ್ಲಿ ಹೋದರೆ ಸಿಗುತ್ತದೆ. (ನೋಡು, ನನ್ನ ಬಾಯಲ್ಲೂ "ಸಿಗುತ್ತದೆ" ಬಂತು.)

ಅಪರೂಪದ ಹಕ್ಕಿ ಹುಡುಕಿಕೊಂಡು ಅಲೆಯಬೇಡ. ಮೊದಲ ಒಂದು ವರ್ಷ ಐದೋ ಆರೋ ಹಕ್ಕಿ ಸಾಕು. ಹಾವಕ್ಕಿಯನ್ನು ನೋಡು. ಈಜುವಾಗ ಮೈಯೆಲ್ಲ ನೀರೊಳಗೆ, ಕತ್ತು ಮಾತ್ರ ಮೇಲೆ, ನೀರುಹಾವು ಹೋದ ಹಾಗೇ. ಮೀನನ್ನು ಕೊಕ್ಕಿನಲ್ಲಿ ಚುಚ್ಚುತ್ತದೆ, ಹಿಡಿಯುವುದಿಲ್ಲ. ಮೇಲೆ ಬಂದು ಒದರಿ ಬಿಡಿಸಿ, ಗಾಳಿಗೆ ಎಸೆದು, ತಲೆ ಮುಂದಾಗಿ ನುಂಗುತ್ತದೆ. ಬಾಲ ಮುಂದಾದರೆ ಈಜುರೆಕ್ಕೆಯ ಮುಳ್ಳು ಗಂಟಲಿಗೆ ಸಿಕ್ಕಿಕೊಳ್ಳುತ್ತದಲ್ಲ. ಅದರ ಪುಕ್ಕ ನೀರು ಹೀರುತ್ತದೆ, ಅದರಿಂದಲೇ ಸಲೀಸಾಗಿ ಮುಳುಗುವುದು. ಆಮೇಲೆ ಕೊಂಬೆಯ ಮೇಲೆ ರೆಕ್ಕೆ ಬಿಚ್ಚಿ ಕೂರುತ್ತದೆ, ಹಿತ್ತಲಲ್ಲಿ ಬಟ್ಟೆ ಹರವಿದ ಹಾಗೆ. ಎಲ್ಲರೂ ಫೋಟೋ ತೆಗೆಯುವುದು ಆಗಲೇ. ತೆಗೆ, ಆದರೆ ದೂರದಿಂದ. ಒದ್ದೆ ಮೈಯಲ್ಲಿ ಅದನ್ನು ಹಾರಿಸಿದರೆ ಅದಕ್ಕೆ ಬಲು ಪ್ರಯಾಸ.

ಗುಳುಮುಳುಕ ಇದೆಯಲ್ಲ, ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಬಾತಿನಂಥದ್ದು, ಅದರ ಮೇಲೆ ಒಂದು ಪುಸ್ತಕ ಬರೆಯಬಹುದು. ನೀರ ಮೇಲೆ ತೇಲುವ ಕಸಕಡ್ಡಿಯಲ್ಲಿ ಗೂಡು. ಗೂಡು ಬಿಟ್ಟು ಹೋಗುವಾಗ ಮೊಟ್ಟೆಯ ಮೇಲೆ ಪಾಚಿ, ಸೊಪ್ಪು ಎಳೆದು ಮುಚ್ಚಿ ಹೋಗುತ್ತದೆ. ಮರಿಗಳಾದ ಮೇಲೆ ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ರೆಕ್ಕೆಯ ಸಂದಿಯಿಂದ ಪಟ್ಟೆ ಪಟ್ಟೆಯ ಪುಟ್ಟ ತಲೆ ಇಣುಕುವುದನ್ನು ಒಂದು ಸಲ ನೋಡಿದರೆ ನಿನ್ನ ಆಫೀಸಿನ ಮೀಟಿಂಗುಗಳೆಲ್ಲ ಮರೆತುಹೋಗುತ್ತವೆ. ಇದು ಕಾಣುವುದು ಕೂತವರಿಗೆ ಮಾತ್ರ. ನಡೆಯುವವರಿಗೆ ಕಾಣುವುದು "ಗುಳುಕ್" ಎಂದು ಅದು ಮುಳುಗಿದ ಮೇಲೆ ಉಳಿಯುವ ಸುತ್ತುಸುತ್ತಿನ ಅಲೆ.

ಹೆಸರುಗಳನ್ನು ಕನ್ನಡದಲ್ಲಿ ಕಲಿ ಎಂದು ನಾನು ಹೇಳುವುದು ಅಭಿಮಾನಕ್ಕಲ್ಲ, ಉಪಯೋಗಕ್ಕೆ. ನಿನ್ನ ಮೊಬೈಲಿನ ಮರ್ಲಿನ್ ಆ್ಯಪು ಇಂಗ್ಲಿಷಿನಲ್ಲಿ ಹೆಸರು ಹೇಳಿ ಮುಗಿಸುತ್ತದೆ. ನಮ್ಮ ಹಳ್ಳಿಯವರು ಇಟ್ಟ ಹೆಸರಿನಲ್ಲೇ ಗುರುತು ಇದೆ. ಹಣೆಯಲ್ಲಿ ಬಿಳಿ ನಾಮ ಇದ್ದದ್ದು ನಾಮದ ಕೋಳಿ. ಎರಡು ಕೊಕ್ಕಿನ ನಡುವೆ ಸಂದು ಬಿಟ್ಟು ಬಾಯಿ ಕಳೆದುಕೊಂಡಂತೆ ಇರುವುದು ಬಾಯ್ಕಳಕ. ಆ ಸಂದಿನ ಕೊಕ್ಕೇ ಅದು ಕೆಸರಿನ ಬಸವನಹುಳುವನ್ನು ಚಿಪ್ಪಿನಿಂದ ಬಿಡಿಸುವ ಸಾಧನ. ನೀರಂಚಿನಲ್ಲಿ ಬಾಲ ಕುಣಿಸುತ್ತ ಓಡಾಡುವುದು ಕುಂಡೆಕುಸುಕ. ಈ ಹೆಸರು ಕೇಳಿ ನೀನು ಚಿಕ್ಕವಳಿದ್ದಾಗ ಎಷ್ಟು ನಕ್ಕಿದ್ದೆ! ಆಮೇಲೆ ಆ ಹಕ್ಕಿಯನ್ನು ಎಂದಾದರೂ ಮರೆತೆಯಾ? ಪೂರ್ಣಚಂದ್ರ ತೇಜಸ್ವಿಯವರ 'ಮಿಂಚುಳ್ಳಿ', 'ಹಕ್ಕಿ ಪುಕ್ಕ' ನನ್ನ ಕಪಾಟಿನಲ್ಲಿವೆ, ತೆಗೆದುಕೊಂಡು ಹೋಗು. ಅಪ್ಪ ಕುವೆಂಪು ಈ ಕೆರೆಯ ಮೇಲೆ ಕವಿತೆ ಬರೆದರೆ ಮಗ ಮೂಡಿಗೆರೆಯ ಕಾಡಿನಲ್ಲಿ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಕೂತರು. ಪುಸ್ತಕ ವಾಪಸು ಕೊಡು, ಅಷ್ಟೇ.

ಈಗ ನಿನಗೆ ಹೇಳದೇ ಇದ್ದ ಒಂದು ವಿಷಯ.

ನಮ್ಮ ನಡುಮನೆಯಲ್ಲಿ ಗಡಿಯಾರದ ಕೆಳಗೆ ಒಂದು ಚಿತ್ರ ಇತ್ತು, ನೆನಪಿದೆಯಾ? ಕೆಮ್ಮೀಸೆ ಪಿಕಳಾರ, ಗೂಡಿನಲ್ಲಿ ಬಾಯಿ ತೆರೆದ ಮೂರು ಮರಿ. ನೀನು ರಜೆಗೆ ಬಂದಾಗ ಅದರ ಕೆಳಗೆ ಕೂತು ಊಟ ಮಾಡುತ್ತಿದ್ದೆ. ಆಮೇಲೊಂದು ಸಲ ಬಂದಾಗ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು. "ಚಿತ್ರ ಎಲ್ಲಿ ದೊಡ್ಡಪ್ಪಾ?" ಎಂದು ಕೇಳಿದೆ. ಫ್ರೇಮು ಗೆದ್ದಲು ಹಿಡಿಯಿತು ಎಂದೆ. ಸುಳ್ಳು.

ಅದು 1987ರ ಬೇಸಿಗೆ. ಕೆರೆ ದಂಡೆಯ ಒಂದು ಲಂಟಾನ ಪೊದೆಯಲ್ಲಿ ಆ ಗೂಡು ಕಂಡಿತು. ಎದೆಯೆತ್ತರದಲ್ಲಿ, ಕೈಗೆಟಕುವ ಹಾಗೆ. ಆದರೆ ಎರಡು ರೆಂಬೆ ಅಡ್ಡ. ಆ ಕಾಲದಲ್ಲಿ ಗೂಡಿನ ಚಿತ್ರ ತೆಗೆಯುವುದೇ ದೊಡ್ಡ ವಿದ್ಯೆ ಎಂದು ಎಲ್ಲರೂ ಅಂದುಕೊಂಡಿದ್ದೆವು. ಹಿರಿಯರೂ ತೆಗೆಯುತ್ತಿದ್ದರು, ಪತ್ರಿಕೆಗಳೂ ಹಾಕುತ್ತಿದ್ದವು. ನಾನು ಜೇಬಿನಿಂದ ಶೇವಿಂಗ್ ಬ್ಲೇಡು ತೆಗೆದು ಒಂದು ರೆಂಬೆ ಕತ್ತರಿಸಿದೆ, ಇನ್ನೊಂದನ್ನು ದಾರದಿಂದ ಹಿಂದಕ್ಕೆ ಎಳೆದು ಕಟ್ಟಿದೆ. ಬೆಳಕು ಗೂಡಿನೊಳಕ್ಕೆ ಬಿತ್ತು. ತಾಯಿ ಬಂತು, ಸ್ವಲ್ಪ ಹಿಂಜರಿಯಿತು, ಮರಿಗಳು ಅತ್ತವು, ಕೊನೆಗೆ ಬಂದು ತುತ್ತು ಕೊಟ್ಟಿತು. ಹನ್ನೊಂದು ಚಿತ್ರ ತೆಗೆದೆ. ಆಫೀಸಿಗೆ ತಡವಾಗುತ್ತಿತ್ತು, ಓಡಿದೆ. ದಾರ ಬಿಚ್ಚಲಿಲ್ಲ.

ಮಾರನೆಯ ಬೆಳಗ್ಗೆ ಹೋದರೆ ಗೂಡು ಓರೆಯಾಗಿತ್ತು. ಒಳಗೆ ಏನೂ ಇರಲಿಲ್ಲ. ಕಾಗೆಯೋ ಕೆಂಬೂತವೋ ಕಾಣೆ. ಯಾರೇ ಆಗಲಿ, ಎಲೆ ಮರೆ ಇದ್ದಾಗ ಅವಕ್ಕೆ ಕಾಣದಿದ್ದ ಗೂಡು ನನ್ನ ಬ್ಲೇಡಿನಿಂದ ಕಂಡಿತು. ಎರಡೂ ಪಿಕಳಾರಗಳು ಪಕ್ಕದ ತಂತಿಯ ಮೇಲೆ ಕೂತು ಕೂಗುತ್ತಿದ್ದವು. ದಾರ ಗಾಳಿಗೆ ಅಲ್ಲಾಡುತ್ತಿತ್ತು.

ಚಿತ್ರಕ್ಕೆ ಒಂದು ಪ್ರದರ್ಶನದಲ್ಲಿ ಬಹುಮಾನ ಬಂತು. ದೊಡ್ಡಮ್ಮ ಹೆಮ್ಮೆಯಿಂದ ಫ್ರೇಮು ಹಾಕಿಸಿದಳು. ನಾನು ಯಾರಿಗೂ ಹೇಳಲಿಲ್ಲ. ಇಪ್ಪತ್ತು ವರ್ಷ ಅದರ ಕೆಳಗೆ ಕೂತು ಉಂಡೆ. ಬಂದವರು ಹೊಗಳಿದಾಗ "ಹೂಂ" ಎಂದೆ. ಒಂದು ದಿನ ಇನ್ನು ಆಗದು ಎನಿಸಿ ಇಳಿಸಿಬಿಟ್ಟೆ. ಈಗ ಹಲವು ಸ್ಪರ್ಧೆಗಳಲ್ಲಿ ಗೂಡಿನ ಚಿತ್ರವನ್ನು ತೆಗೆದುಕೊಳ್ಳುವುದೇ ಇಲ್ಲ. ನನ್ನಂಥವರು ಎಷ್ಟು ಜನ ಇದ್ದಿರಬೇಕು!

ಆದ್ದರಿಂದ ಗೂಡು ಕಂಡರೆ ಕ್ಯಾಮೆರಾ ಇಳಿಸು, ಬಂದ ದಾರಿಯಲ್ಲೇ ಹಿಂದೆ ಹೋಗು. ಇದರಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಗೂಡು ಎಂದರೆ ಮರದಲ್ಲೇ ಇರಬೇಕಾಗಿಲ್ಲ. ಮಾರ್ಚ್ ಕಳೆದ ಮೇಲೆ ಕೆರೆ ಬತ್ತಿದ ಅಂಚಿನಲ್ಲಿ ನಡೆಯುವಾಗ ಟಿಟ್ಟಿಭ ತಲೆಯ ಮೇಲೆ ಕಿರುಚುತ್ತಾ ಎರಗಿ ಎರಗಿ ಬಂದರೆ, ಅದಕ್ಕೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡ. ನಿನ್ನ ಕಾಲ ಬುಡದಲ್ಲೇ ಎಲ್ಲೋ ಬರಿ ನೆಲದ ತಗ್ಗಿನಲ್ಲಿ ಮೂರೋ ನಾಲ್ಕೋ ಮೊಟ್ಟೆ ಇವೆ, ಬೆಣಚುಕಲ್ಲಿನ ನಡುವೆ ಬೆಣಚುಕಲ್ಲಿನ ಹಾಗೆ. ಅದು ಕೂಗಿದಷ್ಟೂ ನಿನಗೆ ಒಳ್ಳೆ ಚಿತ್ರ ಬರುತ್ತದೆ, ರೆಕ್ಕೆ ಬಿಚ್ಚಿ ಎದುರಿಗೇ ಬರುತ್ತದಲ್ಲ! ಅದೇ ಆಮಿಷ. ಆ ಹೊತ್ತಿನಲ್ಲಿ ಮೊಟ್ಟೆ ಬಿಸಿಲಿಗೆ ಬೇಯುತ್ತಿರುತ್ತದೆ. ಬಿರುಬೇಸಿಗೆಯಲ್ಲಿ ಟಿಟ್ಟಿಭ ನೀರಿಗೆ ಹೋಗಿ ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ, ಅಷ್ಟು ಸೂಕ್ಷ್ಮದ ಸಂಸಾರ. ಪಂಚತಂತ್ರದಲ್ಲಿ ಮೊಟ್ಟೆ ಕದ್ದ ಸಮುದ್ರದ ಮೇಲೇ ಯುದ್ಧಕ್ಕೆ ಹೊರಟ ಹಕ್ಕಿ ಇದೇ. ಆಕಾಶ ಬಿದ್ದೀತೆಂದು ಕಾಲು ಮೇಲೆ ಮಾಡಿ ಮಲಗುತ್ತದೆ ಎಂದು ಜನ ಗೇಲಿ ಮಾಡುವುದೂ ಇದನ್ನೇ. ಮರಿ ಇರುವವರ ಭಯಕ್ಕೆ ಲೋಕ ನಗುವುದು ಹೊಸದಲ್ಲ.

ಹಕ್ಕಿ ಮತ್ತು ಮನುಷ್ಯ ಹತ್ತಿರ ಇರಲೇಬಾರದು ಎಂದು ನಾನು ಹೇಳುತ್ತಿಲ್ಲ. ಮದ್ದೂರು ಕಡೆ ಕೊಕ್ಕರೆ ಬೆಳ್ಳೂರಿಗೆ ಹೋಗಿ ನೋಡು. ಮನೆ ಮುಂದಿನ ಹುಣಸೆ ಮರದಲ್ಲೇ ಹೆಜ್ಜಾರ್ಲೆಯ ಗೂಡು, ಕೆಳಗೆ ಅಜ್ಜಿ ಅಕ್ಕಿ ಆರಿಸುತ್ತಾ ಕೂತಿರುತ್ತಾಳೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ ಅಲ್ಲಿಯವರು. ಹಿಕ್ಕೆ ಬಿದ್ದ ಮಣ್ಣು ಹೊಲಕ್ಕೆ ಗೊಬ್ಬರ. ಅಲ್ಲಿ ಹಕ್ಕಿಗೆ ಅಜ್ಜಿಯ ಭಯ ಇಲ್ಲ, ಏಕೆಂದರೆ ಅಜ್ಜಿಗೆ ಹಕ್ಕಿಯಿಂದ ಏನೂ ಬೇಕಾಗಿಲ್ಲ. ನೀನು ಹೋದರೆ ನಿನಗೆ ಬೇಕು, ಅದು ಹಕ್ಕಿಗೆ ಗೊತ್ತಾಗುತ್ತದೆ. ರಂಗನತಿಟ್ಟಿನ ಕಥೆ ಇನ್ನೊಂದು ಬಗೆ. ಮೈಸೂರು ಸೀಮೆಯ ಹಕ್ಕಿಗಳ ಸರ್ವೆಗೆ ಬಂದ ಸಾಲಿಂ ಅಲಿ ಹೇಳಿದ ಮೇಲೆ ಕಾವೇರಿಯ ಆ ನಡುಗಡ್ಡೆಗಳಿಗೆ 1940ರಲ್ಲಿ ರಕ್ಷಣೆ ಸಿಕ್ಕಿತು. ಅಲ್ಲಿ ದೋಣಿಯಲ್ಲಿ ಹೋಗುತ್ತೀಯಲ್ಲ, ದೋಣಿಯವನಿಗೆ "ಇನ್ನೂ ಹತ್ತಿರ ಹೋಗಿ ಅಣ್ಣಾ" ಎನ್ನುವವರ ಸಾಲಿನಲ್ಲಿ ನೀನು ಕೂರಬೇಡ.

ಕ್ಯಾಮೆರಾ ವಿಷಯಕ್ಕೆ ಬರೋಣ. ನಿನಗೆ ಯೂಟ್ಯೂಬು ಇದೆ, ನನ್ನದು ಹಳೆಯ ಕಾಲದ ಬುದ್ಧಿ, ಬೇಕಾದಷ್ಟು ತೆಗೆದುಕೋ. ನಿನ್ನ ಆ 400ರಲ್ಲಿ ಅರ್ಧ ಮಸುಕಾಗಿದ್ದಕ್ಕೆ ಲೆನ್ಸ್ ಕಾರಣವಲ್ಲ. ನೀನು ಹೋದದ್ದು ಒಂಬತ್ತೂವರೆಗೆ. ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ನಡುಗುತ್ತದೆ, ಟಾರು ರಸ್ತೆಯ ಮೇಲೆ ಕಾಣುವ ಹಾಗೆ. ದೂರದ ಹಕ್ಕಿಯನ್ನು ಆ ಗಾಳಿಯ ಮೂಲಕ ತೆಗೆದರೆ ಲಕ್ಷ ರೂಪಾಯಿಯ ಲೆನ್ಸಿಗೂ ಮಸುಕೇ. ಬೇಗ ಏಳು. ಎಳೆಬಿಸಿಲು ಬೆನ್ನಿಗಿರಲಿ. ಕೂತ ಹಕ್ಕಿಗೆ ಸೆಕೆಂಡಿನ 500ನೇ ಒಂದು ಭಾಗ ಸಾಕು, ಹಾರುವುದಕ್ಕೆ 2000ನೇ ಒಂದು ಭಾಗವಾದರೂ ಬೇಕು. ಬೆಳಕು ಸಾಲದಿದ್ದರೆ ಐಎಸ್ಒ ಏರಿಸು, ಕಾಳು ಕಾಳಾದರೂ ಪರವಾಗಿಲ್ಲ, ಅಲುಗಿದ ಚಿತ್ರಕ್ಕಿಂತ ಮೇಲು. ಫೋಕಸ್ಸು ಕಣ್ಣಿಗೆ. ಕಣ್ಣಲ್ಲಿ ಬೆಳಕಿನ ಒಂದು ಚುಕ್ಕೆ ಇಲ್ಲದಿದ್ದರೆ ಹಕ್ಕಿ ಮ್ಯೂಸಿಯಮ್ಮಿನಲ್ಲಿ ಹತ್ತಿ ತುಂಬಿಟ್ಟದ್ದರ ಹಾಗೆ ಕಾಣುತ್ತದೆ.

ಇನ್ನೊಂದು, ನಿನ್ನ ಬೆಳ್ಳಕ್ಕಿಗಳೆಲ್ಲ ಸುಣ್ಣ ಬಳಿದ ಗೋಡೆಯಾಗಿ ಬಂದಿದ್ದವಲ್ಲ. ಕಪ್ಪು ನೀರಿನ ನಡುವೆ ಸಣ್ಣ ಬಿಳಿ ಹಕ್ಕಿ ನಿಂತರೆ, ಕ್ಯಾಮೆರಾ ನೀರನ್ನು ನೋಡಿ "ಕತ್ತಲೆ" ಎಂದುಕೊಂಡು ಬೆಳಕು ಹೆಚ್ಚು ಬಿಡುತ್ತದೆ. ನೀರು ಚೆನ್ನಾಗಿ ಬರುತ್ತದೆ, ಹಕ್ಕಿಯ ಪುಕ್ಕ ಅಳಿಸಿಹೋಗುತ್ತದೆ. ಆಗ ಒಂದು ಮೆಟ್ಟಿಲು ಕಡಿಮೆ ಮಾಡು. ಬೆಳ್ಳಗಿನ ಆಕಾಶದ ಎದುರು ನೀರುಕಾಗೆ ಹಾರಿದರೆ ಇದರ ತಿರುಗುಮುರುಗು, ಹೆಚ್ಚು ಮಾಡು. ಮತ್ತೆ, ನಿಂತು ಕೆಳಗೆ ನೋಡಿ ತೆಗೆಯಬೇಡ. ನೀರಿನ ಮಟ್ಟಕ್ಕೆ ಬಾ. ನಾನು ಒಂದು ಬಟ್ಟೆ ಚೀಲಕ್ಕೆ ಹುರುಳಿ ತುಂಬಿ ನೆಲದ ಮೇಲಿಟ್ಟು ಅದರ ಮೇಲೆ ಲೆನ್ಸ್ ಊರುತ್ತಿದ್ದೆ, ಯಾವ ಸ್ಟ್ಯಾಂಡೂ ಅಷ್ಟು ಗಟ್ಟಿ ನಿಲ್ಲುವುದಿಲ್ಲ. ಹುರುಳಿ ಸಾರಿಗೆಂದು ಡಬ್ಬಿ ತೆಗೆದ ದೊಡ್ಡಮ್ಮನಿಗೆ ಬರಿ ಡಬ್ಬಿ ಸಿಕ್ಕ ದಿನದ ಕಥೆಯನ್ನು ಅವಳನ್ನೇ ಕೇಳು.

ಕ್ಯಾಮೆರಾಗಿಂತ ಮೊದಲು ಕೊಳ್ಳಬೇಕಾದದ್ದು ಬೈನಾಕ್ಯುಲರ್. 8x42 ಎಂದು ಬರೆದದ್ದು, ಎಂಟು ಪಟ್ಟು ಹತ್ತಿರ, 42 ಮಿಲಿಮೀಟರಿನ ಗಾಜು. ಬೆಳಕೂ ಸಾಕಷ್ಟು, ಕೈಯೂ ನಡುಗದು. ಕ್ಯಾಮೆರಾದ ಸಂದಿಯಿಂದ ನೋಡುವಾಗ ನೀನು ಚಿತ್ರ ನೋಡುತ್ತೀಯ. ಬೈನಾಕ್ಯುಲರಿನಲ್ಲಿ ಹಕ್ಕಿ ನೋಡುತ್ತೀಯ. ನನ್ನದು ಅಟ್ಟದಲ್ಲಿದೆ, ಬೂಷ್ಟು ಹಿಡಿದಿದೆಯೋ ಏನೋ, ಇಳಿಸಿ ಒರೆಸಿಡುತ್ತೇನೆ.

ಸಣ್ಣಪುಟ್ಟ ವಿಷಯ ಇನ್ನೂ ಇವೆ. ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಹಾಕಿ ಹತ್ತಿರ ಕರೆಸುವವರನ್ನು ಕಂಡಿದ್ದೇನೆ. ಗಂಡುಹಕ್ಕಿ ತನ್ನ ಜಾಗಕ್ಕೆ ಇನ್ನೊಬ್ಬ ಬಂದನೆಂದು ಜಗಳಕ್ಕೆ ಓಡಿಬರುತ್ತದೆ, ಇಲ್ಲದ ವೈರಿಯ ಜೊತೆ ಹೋರಾಡಿ ಸುಸ್ತಾಗುತ್ತದೆ. ಅದು ಬೇಡ. ಬಿಸ್ಕತ್ತು, ಖಾರಾ ಬೂಂದಿ ಎಸೆಯುವುದು ಬೇಡ. ಇನ್‌ಸ್ಟಾಗ್ರಾಂನಲ್ಲಿ ಹಾಕುವಾಗ ಜಾಗದ ಗುರುತು ಹಾಕಬೇಡ, ವಿಶೇಷವಾಗಿ ಗೂಬೆ ಕೂರುವ ಮರದ್ದು. ಮಾರನೆಯ ಭಾನುವಾರ ಅಲ್ಲಿ ಜಾತ್ರೆ ಸೇರುತ್ತದೆ. ಆಚೆ ದಡದ ನಿರ್ಜನ ಕಡೆಗೆ ಒಬ್ಬಳೇ ಹೋಗುವುದಾದರೆ ಹೋಗು, ಆದರೆ ಎಲ್ಲಿದ್ದೀಯ ಎಂದು ಒಂದು ಮೆಸೇಜು ಹಾಕು. ಜೊಂಡಿನಲ್ಲಿ ಕೂರುವ ಮೊದಲು ಕೋಲಿನಿಂದ ಸರಸರ ಸದ್ದು ಮಾಡು. ಹಾವಿಗೂ ಬೆಳಗಿನ ಬಿಸಿಲು ಇಷ್ಟ.

ಚಳಿಗಾಲದಲ್ಲಿ ನಂಜನಗೂಡಿನ ಕಡೆ ಹದಿನಾರು ಎಂಬ ಊರಿನ ಕೆರೆಗೆ ಹೋಗೋಣ. ಪಟ್ಟೆತಲೆ ಹೆಬ್ಬಾತುಗಳು ಬಂದಿರುತ್ತವೆ, ಹಿಮಾಲಯ ದಾಟಿ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಹಾಕಿ ಬಿಟ್ಟವು ನಮ್ಮ ಕೆರೆಗಳಲ್ಲಿ ಕಂಡಿವೆ. ಸುತ್ತಲ ಹೊಲಗದ್ದೆಯಲ್ಲಿ ಮೇಯ್ದು, ಕೆರೆಯಲ್ಲಿ ಹಗಲೆಲ್ಲ ದಣಿವಾರಿಸಿಕೊಳ್ಳುತ್ತವೆ. ಬೇಸಿಗೆ ಶುರುವಾಗುವ ಹೊತ್ತಿಗೆ ವಾಪಸು ಹೊರಡಲು ಬೇಕಾದ ಕೊಬ್ಬು ಅವುಗಳ ಮೈಯಲ್ಲಿ ಸೇರಬೇಕು. ಹಾರುವ ಹಿಂಡಿನ ಚಿತ್ರ ಬೇಕೆಂದು ಕೈತಟ್ಟಿ ಎಬ್ಬಿಸಿದವನೊಬ್ಬನನ್ನು ನಾನು ಅಲ್ಲಿ ನೋಡಿದ್ದೇನೆ. ನೂರಾರು ಹಕ್ಕಿ ಒಟ್ಟಿಗೆ ಎದ್ದವು, ಅವನಿಗೆ ಎರಡು ನಿಮಿಷದ ಸಂತೋಷ. ಏನೂ ಮಾಡದೆ ಸಂಜೆಯ ತನಕ ಕೂತಿದ್ದರೆ ಅವೇ ಮೇವಿಗೆ ಏಳುತ್ತಿದ್ದವು, ಕೆಂಪು ಬೆಳಕಿನಲ್ಲಿ, ನಮ್ಮ ತಲೆಯ ಮೇಲೇ ಹಾದು. ಅವನಿಗೆ ಸಂಜೆ ಬೇರೆ ಕೆಲಸ ಇತ್ತೇನೋ.

ಒಂದು ಸಣ್ಣ ನೋಟುಬುಕ್ಕು ಇಟ್ಟುಕೋ. ದಿನ, ಹೊತ್ತು, ಮೋಡವೋ ಬಿಸಿಲೋ, ಯಾವ ಹಕ್ಕಿ, ಏನು ಮಾಡುತ್ತಿತ್ತು, ಐದು ಸಾಲು. ಆಮೇಲೆ ಬೇಕಾದರೆ ಇ-ಬರ್ಡಿಗೂ ಹಾಕು, ಲೆಕ್ಕ ಇಡುವವರಿಗೆ ನಿನ್ನ ಕೊಳದ ಬಕವೂ ಬೇಕು. ನನ್ನ 1980ರ ದಶಕದ ನೋಟುಬುಕ್ಕುಗಳಲ್ಲಿ ಇಲ್ಲಿ ಕಂಡ ಎಷ್ಟೋ ಬಾತುಗಳ ಹೆಸರಿದೆ. ಆಗ ಸಾಮಾನ್ಯ ಎಂದು ಲೆಕ್ಕ ಬರೆಯದೇ ಬಿಟ್ಟೆ. ಎಷ್ಟಿದ್ದವು ಎಂದು ಇಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. 1987ರ ಪುಸ್ತಕದಲ್ಲಿ ಏಪ್ರಿಲಿನ ಒಂದು ಪುಟ ಖಾಲಿ ಇದೆ. ಅದು ಏಕೆಂದು ಈಗ ನಿನಗೆ ಗೊತ್ತು.

ಬರುವ ಭಾನುವಾರ ಬಾ. ಶನಿವಾರ ರಾತ್ರಿಯೇ ಬಂದುಬಿಡು, ಬೆಳಗಿನ ಬಸ್ಸು ನಂಬಿಕೊಂಡರೆ ಹಕ್ಕಿಗಳು ತಿಂಡಿ ಮುಗಿಸಿರುತ್ತವೆ. ಆರಕ್ಕೆ ಹೊರಡೋಣ. ಗೇಟಿನಿಂದ ಎಡಕ್ಕೆ ಹೋದರೆ ನೀರಿಗೆ ಬಾಗಿದ ಒಂದು ಮರ ಇದೆ, ಅದರ ಕೆಳಗೆ ಇಬ್ಬರಿಗೆ ಸಾಕಾಗುವ ಜಾಗ. ನನ್ನ ಮೊಣಕಾಲು ಕೂರಲು ಒಪ್ಪುತ್ತದೆ, ಏಳುವಾಗ ನೀನು ಕೈ ಕೊಡಬೇಕು. ಮೊದಲ ಒಂದು ಗಂಟೆ ಕ್ಯಾಮೆರಾ ಚೀಲದಲ್ಲೇ ಇರಲಿ. ಫ್ಲಾಸ್ಕಿನಲ್ಲಿ ಕಾಫಿ ನಾನು ತರುತ್ತೇನೆ, ಈ ಸಲ ಅರ್ಧಕ್ಕೆ ಬಿಡುವ ಹಾಗಿಲ್ಲ. ಮತ್ತೆ ಆ ಕಿತ್ತಳೆ ಬಣ್ಣದ ಜಾಕೆಟ್ಟು ಬೇಡ, ನನ್ನ ಹಳೆಯ ಖಾಕಿ ಸ್ವೆಟರು ಬಾಗಿಲ ಹಿಂದೆ ನೇತಾಡುತ್ತಿದೆ, ಅದನ್ನೇ ಹಾಕಿಕೋ. ಮೊಣಕೈ ಹತ್ತಿರ ಒಂದು ತೂತಿದೆ.